ಕೂಲಂಟ್: ಸಮರ್ಪಕ

ಎಂಟು ತಿಂಗಳ ಕಾಲ ನನ್ನ ಕಾರಿನ ಕೂಲಂಟ್ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಹಳಿಯಾಳದ ನಮ್ಮ ಓಣಿಯಲ್ಲಿ ಕಾರು ಇಟ್ಟವರೆಲ್ಲ ಕೇಳಿಸಿಕೊಂಡಿದ್ದಾರೆ (ಕೆಲವರು ಎರಡೆರಡು ಸಲ). ಗಾಡಿ ಹನ್ನೆರಡು ವರ್ಷ ಹಳೆಯದು. ಆದರೂ ಹೊಸ ಗಾಡಿಗಳಿಗಿಲ್ಲದ ಸಂಯಮ ಅದಕ್ಕಿದೆ ಎಂಬುದು ನನ್ನ ವಾದವಾಗಿತ್ತು.

ಕಾರಿಲ್ಲದ ಪುಣ್ಯವಂತರಿಗಾಗಿ ಒಂದು ಮಾತು. ಕೂಲಂಟ್ ಎಂದರೆ ಎಂಜಿನ್ನಿನ ತಲೆ ತಣ್ಣಗಿಡುವ ಬಣ್ಣದ ನೀರು. ಬಾನೆಟ್ ಎತ್ತಿದರೆ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದು ಕಾಣುತ್ತದೆ. ಅದರ ಮೈಮೇಲೆ ಎರಡು ಗೆರೆ, ಕೆಳಗಿನದು ಮಿನ್, ಮೇಲಿನದು ಮ್ಯಾಕ್ಸ್. ನೀರು ಇವೆರಡರ ನಡುವೆ ಇರಬೇಕು. ಇಷ್ಟೇ ವಿದ್ಯೆ.

ಇಷ್ಟೇ ವಿದ್ಯೆಯನ್ನು ನಾನು ಶಾಸ್ತ್ರೋಕ್ತವಾಗಿ ನಡೆಸುತ್ತಿದ್ದೆ. ಪ್ರತಿ ಸೋಮವಾರ ಬೆಳಿಗ್ಗೆ ಏಳಕ್ಕೆ, ಎಂಜಿನ್ ತಣ್ಣಗಿರುವಾಗ, ಬಾನೆಟ್ ಎತ್ತುವುದು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದು ದೃಷ್ಟಿ ಹರಿಸುವುದು. ಆಮೇಲೆ ಡ್ಯಾಶ್‌ಬೋರ್ಡಿನ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಿಂದ 'ಕೂಲಂಟ್: ಸಮರ್ಪಕ' ಎಂದು ಬರೆದು ಸಹಿ ಹಾಕುವುದು. ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿ, ಹೆಡ್‌ಮಾಸ್ತರನಾಗಿ ನಿವೃತ್ತನಾದವನು ನಾನು. ಸಹಿ ಹಾಕದಿದ್ದರೆ ಅನ್ನ ಇಳಿಯುವುದಿಲ್ಲ.

ಹದಿನೈದು ದಿನಗಳ ಹಿಂದೆ ರೇಣುಕಾ ಮನೆಗೆ ಬಂದಳು. ನಮ್ಮ ಓಣಿಯವಳೇ, ನನ್ನ ಕೈಯಲ್ಲೇ ಕಲಿತವಳು. ಬಿ.ಎಡ್. ಮುಗಿಸಿ ಎರಡು ವರ್ಷ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಳು. ಅತಿಥಿ ಶಿಕ್ಷಕರ ಪಟ್ಟಿಯಲ್ಲಿ ಈಗ ಅವಳ ಹೆಸರು ಬಂದಿತ್ತು. ಮರುದಿನ ಹನ್ನೆರಡು ಗಂಟೆಯೊಳಗೆ ಜೊಯಿಡಾದ ಕಚೇರಿಯಲ್ಲಿ ಮೂಲ ಅಂಕಪಟ್ಟಿಗಳನ್ನು ತೋರಿಸಬೇಕು. ತೋರಿಸದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರನ್ನು ಕರೆಯುತ್ತಾರೆ. ಅವಳು ಬಂದದ್ದು ಆಶೀರ್ವಾದ ಕೇಳಲು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋಗುವುದೆಂದು ಆಗಲೇ ನಿಶ್ಚಯಿಸಿದ್ದಳು.

ಆಶೀರ್ವಾದವಷ್ಟೇ ಮಾಡಿ ಕಳಿಸಿದ್ದರೆ ಈ ಅಂಕಣಕ್ಕೆ ಬೇರೆ ವಿಷಯ ಹುಡುಕಬೇಕಾಗುತ್ತಿತ್ತು. ನಾನು ಬಸ್ಸಿನ ಮೇಲೆ ಸಣ್ಣದೊಂದು ಭಾಷಣ ಮಾಡಿದೆ. ಕೆಟ್ಟು ನಿಂತರೆ ಏನು ಗತಿ? ಗುರುವಿನ ಕಾರು ಬಾಗಿಲಲ್ಲಿರುವಾಗ ಶಿಷ್ಯೆ ಬಸ್ಸಿನಲ್ಲಿ ಜೋತುಬೀಳುವುದೆ? ಅವಳು ಪಾಪ, "ನಿಮಗ್ಯಾಕ ತ್ರಾಸ ಬಿಡ್ರಿ ಸರ್" ಎಂದು ಮೂರು ಸಲ ತಪ್ಪಿಸಿಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ.

ಒಂಬತ್ತೂವರೆಗೆ ಹೊರಟೆವು. ದಾಂಡೇಲಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ರೇಣುಕಾ ಕುಡಿಯಲಿಲ್ಲ, ಫೈಲನ್ನು ಎದೆಗವಚಿಕೊಂಡು ಗಡಿಯಾರ ನೋಡುತ್ತ ನಿಂತಿದ್ದಳು. ನಾನು ಎರಡು ಕಪ್ ಕುಡಿದೆ. (ಎರಡನೆಯದು ಬೇಕಿರಲಿಲ್ಲ. ಅವಸರ ಮಾಡುವವರಿಗೆ ತಾಳ್ಮೆಯ ಪಾಠ ಕಲಿಸಲೆಂದು ಕುಡಿದೆ.)

ದಾಂಡೇಲಿ ದಾಟಿ ಕಾಡಿನ ಏರು ಶುರುವಾದಾಗ ಉಷ್ಣತೆಯ ಮುಳ್ಳೂ ಏರತೊಡಗಿತು. ರೇಣುಕಾ ಅದನ್ನು ತೋರಿಸಿದಳು. ರಸ್ತೆ ಏರುವಾಗ ಮುಳ್ಳು ಏರುವುದು ಸಹಜ, ಇಳಿಯುವಾಗ ಇಳಿಯುತ್ತದೆ ಎಂದೆ. ಭೌತಶಾಸ್ತ್ರಕ್ಕೆ ನನ್ನ ಕಿರುಕಾಣಿಕೆ. ಎರಡು ತಿರುವು ದಾಟುವಷ್ಟರಲ್ಲಿ ಬಾನೆಟ್ಟಿನ ಸಂದಿಗಳಿಂದ ಇಡ್ಲಿ ಪಾತ್ರೆಯಂತೆ ಹಬೆ ಬಂತು.

ಗಾಡಿ ನಿಲ್ಲಿಸಿದಾಗ ಹನ್ನೊಂದೂ ಐದು. ಜೊಯಿಡಾ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ನಾನು ಬಾನೆಟ್ ಎತ್ತಿ, ರೂಢಿಯ ಪ್ರಕಾರ ಕೈ ಬೆನ್ನ ಹಿಂದೆ ಕಟ್ಟಿ ನೋಡಿದೆ. ಕೆಂಪು ಬಣ್ಣ ಮೇಲಿನ ಬಿಳಿ ಗೆರೆಯವರೆಗೂ ಇತ್ತು. ಸಮರ್ಪಕ!

ರೇಣುಕಾ ರಸ್ತೆಯ ನಡುವಿಗೆ ಹೋಗಿ ನಿಂತಳು. ಕಾಲು ಗಂಟೆ ಯಾರೂ ಬರಲಿಲ್ಲ. ಆ ಕಾಲು ಗಂಟೆಯಲ್ಲಿ ಅವಳು ಫೈಲಿನ ಗುಂಡಿಯನ್ನು ಎಷ್ಟು ಸಲ ತೆಗೆದು ಹಾಕಿದಳೋ, ಆ ಟಕ್ ಟಕ್ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮುಖ ತಪ್ಪಿಸಿಕೊಳ್ಳಲು ನನಗೆ ಬಾನೆಟ್ಟಿನ ಹಿಂದಿನ ಜಾಗವೊಂದೇ ಉಳಿದಿತ್ತು.

ಕೊನೆಗೆ ಒಂದು ಪಿಕಪ್ ಬಂತು. ಮದುವೆ ಮನೆಯೊಂದಕ್ಕೆ ಹಂಡೆ, ಕುರ್ಚಿಗಳನ್ನು ಹೇರಿಕೊಂಡು ಜೊಯಿಡಾಕ್ಕೆ ಹೊರಟದ್ದು. ಚಾಲಕ ನಡುವಯಸ್ಸಿನ ಕೊಂಕಣಿ ಮನುಷ್ಯ. ಅವನು ಇಳಿದು ಬರುವಾಗ ನಾನು ಡಬ್ಬಿಯ ಮುಚ್ಚಳಕ್ಕೆ ಟವೆಲ್ ಸುತ್ತಿ ತಿರುಗಿಸುವುದರಲ್ಲಿದ್ದೆ.

"ಕೈ ತೆಗೀರಿ ಮಾಸ್ತರ," ಎಂದ. "ಬಿಸಿ ಇದ್ದಾಗ ತೆರೆದ್ರೆ ಮಾರಿ ಸುಡ್ತದೆ."

(ನಾನು ಮಾಸ್ತರ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದು ಹೇಗೋ ಗೊತ್ತಾಗಿಬಿಡುತ್ತದೆ.)

ಕೂಲಂಟ್ ತುಂಬಿದೆ, ದೋಷ ಬೇರೆ ಎಲ್ಲೋ ಇದೆ ಎಂದೆ. ಅವನು ಡಬ್ಬಿ ನೋಡಿದ, ನನ್ನನ್ನು ನೋಡಿದ. ನಾನು ಸಾಕ್ಷಿಗೆಂದು ನೋಟ್‌ಬುಕ್ ತೋರಿಸಿದೆ. ಎಂಟು ತಿಂಗಳ ಸೋಮವಾರಗಳು, ಒಂದೂ ತಪ್ಪಿಲ್ಲ. ಅವನು ಹೆಗಲ ಮೇಲಿನ ಬಟ್ಟೆ ತೆಗೆದು ಡಬ್ಬಿಯನ್ನು ಒಮ್ಮೆ ಒರೆಸಿದ. ನನ್ನ ಮ್ಯಾಕ್ಸ್ ಗೆರೆ ಬಟ್ಟೆಗೆ ಬಂತು. ಅದರ ಕೆಳಗಿನ ಕೆಂಪು ಕೂಲಂಟೂ ಬಟ್ಟೆಗೆ ಬಂತು.

"ಇದು ಕುಂಕುಮ ಮಾಸ್ತರ. ಒಳಗ ಏನೂ ನಾ, ಖಾಲಿ."

ಮಹಾನವಮಿಯ ಖಂಡೆ ಪೂಜೆಯ (ಆಯುಧ ಪೂಜೆಯ) ದಿನ ನಮ್ಮ ಮನೆಯವರು, ಅಂದರೆ ನನ್ನ ಹೆಂಡತಿ, ಕಾರಿಗೂ ಪೂಜೆ ಮಾಡಿದ್ದರು. ಎಲ್ಲರೂ ಬಾನೆಟ್ಟಿನ ಮೇಲೆ ಹಚ್ಚುತ್ತಾರೆ, ಮಳೆಗೆ ತೊಳೆದು ಹೋಗುತ್ತದೆ. ನಮ್ಮವರದು ಬಾಳಿಕೆ ಬರುವ ಭಕ್ತಿ. ಬಾನೆಟ್ ಎತ್ತಿಸಿ ಒಳಗೆ ನೋಡಿದರು. ಆ ಕಪ್ಪು ಕಬ್ಬಿಣದ ಸಂತೆಯಲ್ಲಿ ಹಣೆಯಂತೆ ಕಂಡದ್ದು ಈ ಬಿಳಿ ಡಬ್ಬಿ ಒಂದೇ. ಮೂರು ಬೆರಳಿನಿಂದ ವಿಭೂತಿ ಎಳೆದರು, ಕೆಳಗೆ ಕುಂಕುಮ ಇಟ್ಟರು. ದೀಪದ ಎಣ್ಣೆಯ ಕೈಗೆ ಮೂರೂ ಗೆರೆ ಕೂಡಿ ಒಂದಾದವು, ಕುಂಕುಮ ಅದರ ಕೆಳಗೆ ಡಬ್ಬಿಯ ತುಂಬ ಹರಡಿತು. ನನ್ನ ಕೂಲಂಟ್ ಕೂಡ ಕೆಂಪು ಬಣ್ಣದ್ದೇ. ಅಂದಿನಿಂದ ನಾನು ಸೋಮವಾರ ಸೋಮವಾರ ತಪಾಸಣೆ ಮಾಡಿ ಸಹಿ ಹಾಕಿದ್ದು ಪೂಜೆಗೆ.

ಹನ್ನೊಂದೂ ಇಪ್ಪತ್ತೈದಕ್ಕೆ ರೇಣುಕಾ ಪಿಕಪ್ ಹತ್ತಿದಳು. ಹೋಗುವಾಗ ತನ್ನ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು ಹೋದಳು. ಬೈದಿದ್ದರೆ ಎಷ್ಟೋ ಸುಖವಿತ್ತು.

ಎಂಜಿನ್ ಆರಲು ಮುಕ್ಕಾಲು ಗಂಟೆ ಬೇಕಾಯಿತು. ಮೈಲುಗಲ್ಲಿನ ಮೇಲೆ ಕುಳಿತು ನನ್ನ ಸೇವಾವಧಿಯ ಸಿಂಹಾವಲೋಕನ ಮಾಡಿದೆ. ಶಾಲೆಯ ವರಾಂಡದಲ್ಲಿ ಬೆಂಕಿ ಆರಿಸುವ ಬಕೆಟ್ಟುಗಳಿದ್ದವು. ವರ್ಷಕ್ಕೊಮ್ಮೆ ಕೆಂಪು ಬಣ್ಣ ಬಳಿಸುತ್ತಿದ್ದೆ, ರಿಜಿಸ್ಟರಿನಲ್ಲಿ 'ಇದೆ' ಎಂದು ಬರೆಯುತ್ತಿದ್ದೆ. ಒಳಗೆ ಜೇಡ ಸಂಸಾರ ಮಾಡಿಕೊಂಡಿತ್ತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ 'ಇದೆ', ಒಳಗೆ ಮುರಿದ ಸೀಮೆಸುಣ್ಣ. ನಾನೊಬ್ಬನೇ ಏನು? ಎದುರು ಮನೆಯವರನ್ನು "ಆರಾಮ ಅದೀರಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಗೇಟು ದಾಟಿರುತ್ತೇವಲ್ಲ, ಅದು ಯಾವ ತಪಾಸಣೆ?

ಎಂಟು ತಿಂಗಳು ಇಳಿಯದ ನೀರನ್ನು ಕಂಡು ಸಂಶಯ ಬರಬೇಕಿತ್ತು. ಬಳಸುವ ಯಾವ ವಸ್ತು ತಾನೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ? ನನಗೆ ಹೆಮ್ಮೆ ಬಂತು.

ಮುಚ್ಚಳ ಕೈಗೆ ತಣ್ಣಗೆ ತಾಗಿದ ಮೇಲೆ ನಿಧಾನವಾಗಿ ತೆರೆದೆ. ನನ್ನ ಬಾಟಲಿ ಸುರಿದೆ, ರೇಣುಕಾಳದ್ದೂ ಸುರಿದೆ. ಡಬ್ಬಿ ಗಟಗಟ ಕುಡಿಯಿತು. ಆಮೆಯ ವೇಗದಲ್ಲಿ ಜೊಯಿಡಾ ಮುಟ್ಟಿ, ಗ್ಯಾರೇಜಿನಲ್ಲಿ ಗಾಡಿ ಒಪ್ಪಿಸಿ, ಕಚೇರಿಯ ಕಡೆ ನಡೆದೆ.

ಅವಳು ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದಳು. ಫೈಲಿನಲ್ಲಿ ಆದೇಶದ ಹಾಳೆ ಇತ್ತು. ಹನ್ನೆರಡಕ್ಕೆ ಏಳು ನಿಮಿಷ ಇರುವಾಗ ಒಳಗೆ ಹೋದಳಂತೆ. ಮುಂದಿನ ಹೆಸರಿನ ಹುಡುಗಿ ಅಪ್ಪನ ಜೊತೆ ಆಗಲೇ ಬೆಂಚಿನ ಮೇಲೆ ಕುಳಿತಿದ್ದಳಂತೆ. ನಾನು ಕ್ಷಮೆ ಕೇಳಿದೆ. ಜೀವನದಲ್ಲಿ ವಿದ್ಯಾರ್ಥಿಯೊಬ್ಬರ ಕ್ಷಮೆ ಕೇಳಿದ್ದು ಅದೇ ಮೊದಲು. ವಾಕ್ಯರಚನೆ ಸರಿ ಬರಲಿಲ್ಲ.

"ಇರ್ಲಿ ಬಿಡ್ರಿ ಸರ್," ಎಂದು ನಕ್ಕಳು. "ಏಳನೇ ಕ್ಲಾಸಿನ್ಯಾಗ ಮಳೆಗಾಲದ ಮ್ಯಾಲಿನ ಒಂದೇ ಪ್ರಬಂಧಾನ ಮೂರು ವಾರ ತೋರಿಸಿದ್ದೆ. ಮೂರೂ ಸಲ ಟಿಕ್ ಹಾಕಿದ್ರಿ. ಮೂರನೇ ಸಲ 'ಸುಧಾರಣೆ ಇದೆ' ಅಂತ ಬರದಿದ್ರಿ."

ಊರಿಗೆ ಬಸ್ಸಿನಲ್ಲಿ ಹೋಗುವುದಾಗಿ ಅವಳು ಮೊದಲೇ ಹೇಳಿಬಿಟ್ಟಳು. ನಾನು ಒತ್ತಾಯ ಮಾಡಲಿಲ್ಲ.

ಮನೆಯಲ್ಲಿ ನಮ್ಮವರಿಗೆ ವಿಭೂತಿಯ ಪ್ರಕರಣವನ್ನು ಸ್ವಲ್ಪ ಆರೋಪದ ಧಾಟಿಯಲ್ಲೇ ವಿವರಿಸಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ದೇವರು ನೋಡ್ಕೊಳ್ಲಿ ಅಂತ ಹಚ್ಚಿದ್ದೆ. ನೀವು ನೋಡಬ್ಯಾಡ್ರಿ ಅಂತ ಅಂದಿದ್ನೇನು?"

ರೇಣುಕಾ ಈಗ ಜೊಯಿಡಾದ ಒಳಗಿನ ಹಳ್ಳಿಯೊಂದರಲ್ಲಿ ಪಾಠ ಮಾಡುತ್ತಿದ್ದಾಳೆ. ಮೊದಲ ವಾರವೇ ಮಕ್ಕಳ ನೋಟ್‌ಬುಕ್ಕುಗಳನ್ನೆಲ್ಲ ಕೂತು ಓದಿ, ಒಂದೇ ಲೆಕ್ಕವನ್ನು ಎರಡು ಸಲ ತೋರಿಸಿದವನನ್ನು ಹಿಡಿದಳಂತೆ. ಅವಳ ತಾಯಿ ಬಂದು, ಎಲ್ಲ ನಿಮ್ಮ ಕೈಯಲ್ಲಿ ಕಲಿತದ್ದು ಎಂದು ನನಗೆ ಕೈ ಮುಗಿದು ಹೋದರು.

ನಾನು ಒಮ್ಮೆಯೂ ಕಲಿಸದ ಈ ಪಾಠವನ್ನು ಹುಡುಗಿ ನನ್ನಿಂದ ಇಷ್ಟು ಚೆನ್ನಾಗಿ ಹೇಗೆ ಕಲಿತಳು?