ಕಂಜಿಸುಣ್ಣದ ಕಲ್ಲು

ಮದುವೆಯಾದ ಎಂಟನೆಯ ದಿನ ನನ್ನನ್ನು ಒಂದು ಬಿಳಿ ಗುಡ್ಡೆಯ ಮುಂದೆ ನಿಲ್ಲಿಸಿ ಅತ್ತೆ ಹೇಳಿದರು, "ಎಲ್ಲಿ, ಓದು ಪಾಕಲಾಂ." ಓದು ನೋಡೋಣ ಎಂದು.

ಗುಡ್ಡೆಯೆಂದರೆ ಕಲ್ಲೇ. ಮಡತ್ತುಕುಳಂನಲ್ಲಿ ಬಸ್ಸಿಳಿದು ಅಮರಾವತಿ ಹೊಳೆಯ ಕಡೆ ಅರ್ಧ ಗಂಟೆ ನಡೆದರೆ ಒಂದು ಹಳೆಯ ಅಮ್ಮನ ಗುಡಿ. ಅದರ ಅಂಗಳದ ಬೇವಿನ ಮರದ ಪಕ್ಕ, ನನ್ನ ಸೊಂಟದೆತ್ತರಕ್ಕೆ ಆ ಕಲ್ಲು. ಮೈಸೂರು ಸೀಮೆಯಿಂದ ತಮಿಳು ಸೀಮೆಗೆ ಇಳಿದು ಬಂದ ನಮ್ಮ ನೇಕಾರ ಹಿರಿಯರು ಮೊದಲು ಮಗ್ಗ ಹೂಡಿದ್ದು ಆ ಊರಿನಲ್ಲಂತೆ. ಅವರ ಹೆಸರನ್ನು ಯಾವನೋ ರಾಜ ಕನ್ನಡದಲ್ಲಿ ಕೆತ್ತಿಸಿ ನಿಲ್ಲಿಸಿದ ಕಲ್ಲಂತೆ. ಗಂಡನ ಮನೆಯವರು ಗಣಪತಿ ಎಂಬ ಬಡಾವಣೆಯಲ್ಲಿ ಪಂಪಿನ ವರ್ಕ್‌ಶಾಪು ಹಾಕಿ ಇಪ್ಪತ್ತು ವರ್ಷವಾಗಿದ್ದರೂ ಈ ಎರಡು ಅಂತೆಗಳನ್ನು ಮಾತ್ರ ಬಿಟ್ಟಿರಲಿಲ್ಲ.

ಆ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಿದ್ದರು, ಓದಲು ಒಬ್ಬರಿಗೂ ಬರುತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಇಂಗ್ಲಿಷು, ತಮಿಳು ಕಲಿಸಿದರು, ಕನ್ನಡದ ಅಕ್ಷರ ಮನೆಯಲ್ಲಿ ಅಪ್ಪ ಸ್ಲೇಟಿನ ಮೇಲೆ ತಿದ್ದಿಸಿದ್ದು. ಹೆಣ್ಣು ನೋಡಲು ಬಂದಾಗ ಅಪ್ಪ ಅದನ್ನು ಹೇಳಿಬಿಟ್ಟಿದ್ದರು. ಅದೇ ತಪ್ಪಾಯಿತು.

"ಅತ್ತೆ, ಇದರಲ್ಲಿ ಏನೂ ಕಾಣಿಸ್ತಿಲ್ಲ."

"ಒಳಗೆ ಇದೆಯಮ್ಮ. ಸುಣ್ಣದ ಒಳಗೆ."

ಸುಣ್ಣದ ಒಳಗಿರುವುದನ್ನು ಓದುವ ವಿದ್ಯೆಯನ್ನು ನಮ್ಮ ಸಿಸ್ಟರುಗಳು ಕಲಿಸಿರಲಿಲ್ಲ.

ಆ ಸುಣ್ಣ ಹಚ್ಚುತ್ತಿದ್ದವರೂ ನಾವೇ. ಮನೆಗೆ ಬಂದ ಸೊಸೆ ಮೊದಲು ಮಾಡಬೇಕಾದ ಕೆಲಸ ಅದು, ಆಮೇಲೆ ಪ್ರತಿ ವರ್ಷ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಒಮ್ಮೆ. ಬರೀ ಸುಣ್ಣವಾಗಿದ್ದರೆ ಒಂದೆರಡು ಮಳೆಗೆ ತೊಳೆದು ಹೋಗುತ್ತಿತ್ತು. ನಮ್ಮವರು ಅದಕ್ಕೆ ಕಂಜಿ ಬೆರೆಸುತ್ತಿದ್ದರು. ಮಗ್ಗದ ಹಾಸುನೂಲಿಗೆ ಹಚ್ಚುವ ಅದೇ ಅಕ್ಕಿಗಂಜಿ, ಮೇಲೆ ಒಂದು ಚಮಚ ಎಳ್ಳೆಣ್ಣೆ. ಪ್ರದಕ್ಷಿಣೆ ಬರುವವರ ಸೀರೆಗೆ ಬಿಳಿ ಮೆತ್ತಬಾರದು ನೋಡಿ. ಮೆತ್ತುತ್ತಿರಲಿಲ್ಲ, ನಿಜ. ಅಕ್ಷರದ ಗುಂಡಿಗಳಲ್ಲಿ ಮಾತ್ರ ಚೆನ್ನಾಗಿ ಕೂತುಕೊಂಡಿತ್ತು, ಎಷ್ಟು ಸೊಸೆಯರ ಕೈಯದೋ. ನಾನೂ ಸೆರಗು ಸಿಕ್ಕಿಸಿ ಹಚ್ಚಿದೆ. ಅದಾದ ಮೇಲೆ ಪ್ರತಿ ಆಡಿಯಲ್ಲೂ ಒಂದೇ ಕಥೆ. ಹಚ್ಚುವ ಮುಂಚೆ "ಓದು" ಎನ್ನುವರು, ನಾನು ಇಲ್ಲವೆನ್ನುವೆ, ಅತ್ತೆ ನಿಟ್ಟುಸಿರು ಬಿಟ್ಟು ಕುಂಚವನ್ನು ನನ್ನ ಕೈಗೆ ಕೊಡುವರು.

ಐದನೆಯ ವರ್ಷವೋ ಆರನೆಯದೋ, ಕುಂಭಾಭಿಷೇಕಕ್ಕೆಂದು ಊರಿನವರು ಸಮಿತಿ ಮಾಡಿದರು. ಹಳೆಯ ಚಪ್ಪಡಿ ಕಿತ್ತು ಅಂಗಳಕ್ಕೆಲ್ಲ ಮೊಸಾಯಿಕ್ ಹಾಕುವುದಂತೆ. ಕಲ್ಲು ಅಡ್ಡ. ಅದನ್ನು ತೆಗೆದು ಕೈಕಾಲು ತೊಳೆಯುವ ಕೊಳಾಯಿಯ ಕೆಳಗೆ ಮಲಗಿಸುತ್ತೇವೆ ಎಂದರು ಅಧ್ಯಕ್ಷರು. ದೊಡ್ಡ ತೆಂಗಿನ ತೋಟದವರು, ಬಹಳ ಮರ್ಯಾದೆಯ ಮನುಷ್ಯ.

"ಎಳುತ್ತು ಇರುಕ್ಕುಂಗ!" ಎಂದರು ಅತ್ತೆ. ಅಕ್ಷರ ಇದೆ ಎಂದು.

"ಎಂಗೀಂಗಮ್ಮಾ?" ಎಲ್ಲಿದೆ ಎಂದು ಅವರು ಕಲ್ಲನ್ನು ಒಂದು ಸುತ್ತು ಬಂದು ನೋಡಿ, ಕೈಮುಗಿದೇ ನಕ್ಕರು.

ಹಿಂದಿರುಗುವ ಬಸ್ಸು ಉಡುಮಲೈ ದಾಟಿತು. ಅತ್ತೆ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು, "ಹದಿನಾಲ್ಕು ವಯಸ್ಸಿಗೆ ಬಂದೆ. ನಮ್ಮತ್ತೆ ಕೈ ಹಿಡಿದು ಹಚ್ಚಿಸಿದ್ರು. ಈ ಕಲ್ಲು ನಮ್ಮದು ಅಂದ್ರು. ಮಗ್ಗ ಹೋಯ್ತು, ಮನೆ ಹೋಯ್ತು. ಇದ್ರ ಮೇಲೂ ಜನ ಕಾಲು ತೊಳೀಬೇಕಾ?"

ಆ ಸೀಮೆಯ ಇನ್ನೊಂದು ಗುಡಿಗೆ ಪುರಾತತ್ವದ ಅಧಿಕಾರಿಯೊಬ್ಬರು ಬಂದು ಹೋಗುತ್ತಿದ್ದರು. ನನ್ನ ಯಜಮಾನರು ಅವರನ್ನು ಹುಡುಕಿ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: ಮುಂದಿನ ತಿಂಗಳು ಬರುತ್ತೇನೆ, ಅಕ್ಷರ ತೋರಿಸಿದರೆ ಕಲ್ಲನ್ನು ಇದ್ದಲ್ಲೇ ಉಳಿಸಲು ಬರೆದುಕೊಡುತ್ತೇನೆ, ಸುಣ್ಣ ತೋರಿಸಿದರೆ ಏನು ಬರೆಯಲಿ?

ಆ ಶುಕ್ರವಾರವೇ ನಾನು ತೆಂಗಿನ ನಾರಿನ ಬ್ರಶ್ಶು, ಒಂದು ಮೊಂಡು ಚಾಕು ಹಿಡಿದು ಅತ್ತೆಯ ಜೊತೆ ಹೊರಟೆ. ಒಂದು ಚಕ್ಕೆ ಎಬ್ಬಿಸಿದ್ದೆನೋ ಇಲ್ಲವೋ, ಅತ್ತೆ ನನ್ನ ಮಣಿಕಟ್ಟಿಗೆ ಪಟ್ಟನೆ ಹೊಡೆದರು.

"ಅಮ್ಮನ ಸೀರೆ ಸುಲೀತೀಯಾ? ಚಾಕೂಲಿ?" ಕಲ್ಲಿನ ಮೇಲಿನ ಸುಣ್ಣ ಅವರ ಪಾಲಿಗೆ ಅಮ್ಮನ ಸೀರೆ.

"ಅತ್ತೆ, ಕೆರೆಯದೆ ಅಕ್ಷರ ಹೇಗೆ ಕಾಣಬೇಕು?"

"ನೀ ಓದಿದವಳು ತಾನೆ? ನೀನೇ ಹೇಳು."

ಕಲ್ಲು ಉಳಿಯಬೇಕು, ಅಕ್ಷರ ಕಾಣಬೇಕು, ಸುಣ್ಣ ಮುಟ್ಟಬಾರದು. ನಾನು ಜೋರಾಗಿ ಮಾತಾಡುವವಳಲ್ಲ. ಅವತ್ತು ಮಾತ್ರ, "ಹಾಗಾದ್ರೆ ಸೀರೆ ಸಮೇತ ಕೊಳಾಯಿ ಕೆಳಗೆ ಮಲಗಲಿ ಬಿಡಿ" ಎಂದುಬಿಟ್ಟೆ.

ಮೂರನೆಯ ದಿನ ನಾನು ತೊಗರಿಬೇಳೆಯ ಕಲ್ಲು ಆರಿಸುತ್ತಿದ್ದಾಗ ಅತ್ತೆ ಬಂದು ಎದುರು ಕೂತರು. ತಾವೂ ಎರಡು ಕಲ್ಲು ಆರಿಸಿ ಹಾಕಿದರು.

"ಪಾವಿಗೆ ಕಂಜಿ ಜಾಸ್ತಿ ಆದ್ರೆ ನೂಲು ಕೆರೀತೀವಾ?" ಪಾವು ಎಂದರೆ ಹಾಸು. "ಹುಳಿ ಮೋರಲ್ಲಿ ನೆನೆ ಹಾಕ್ತೀವಿ. ತಾನೇ ಬಿಟ್ಕೊಳುತ್ತೆ. ಅಮ್ಮನಿಗೆ ಮೋರಿನ ಅಭಿಷೇಕ ಮಾಡಿದ್ರೆ ಯಾರು ಬೇಡ ಅಂತಾರೆ?" ಮೋರು ಎಂದರೆ ಮಜ್ಜಿಗೆ.

ಇಷ್ಟು ಗೊತ್ತಿದ್ದವರು ಐದು ವರ್ಷ ನನ್ನನ್ನೇಕೆ ಓದು ಓದು ಎಂದು ಪೀಡಿಸಿದರು?

ಮುಂದಿನ ಶುಕ್ರವಾರಗಳು ನನ್ನ ಪಾಲಿಗೆ ಹುಳಿ ಮಜ್ಜಿಗೆಯ ವಾಸನೆಯವು. ಆ ಊರಿನಲ್ಲೇ ಮಜ್ಜಿಗೆ ಸಿಗುತ್ತದಲ್ಲ ಎಂದರೆ ಅತ್ತೆ ಒಪ್ಪಲಿಲ್ಲ, ನಮ್ಮ ಮನೆಯದೇ ಆಗಬೇಕು. ನಾಲ್ಕು ದಿನ ಹುಳಿಸಿದ್ದನ್ನು ಎರಡು ಅಲ್ಯುಮಿನಿಯಂ ತೂಕು ಡಬ್ಬಿಗಳಲ್ಲಿ ತುಂಬಿ, ಮುಚ್ಚಳಕ್ಕೆ ಬಟ್ಟೆ ಬಿಗಿದು, ಪೊಳ್ಳಾಚಿ ಬಸ್ಸು, ಉಡುಮಲೈ ಬಸ್ಸು, ಮಡತ್ತುಕುಳಂ ಬಸ್ಸು. ಮೂರರಲ್ಲೂ ಅವು ನನ್ನ ತೊಡೆಯ ಮೇಲೆ.

"ಎನ್ನಕ್ಕಾ, ಮೋರ್ಕುಳಂಬು ಕಾಯಿಸೋಕೆ ಅಷ್ಟು ದೂರವಾ?" ಎಂದ ಕಂಡಕ್ಟರು. ಮೋರ್ಕುಳಂಬು ನಮ್ಮ ಮಜ್ಜಿಗೆಹುಳಿ. ಬಸ್ಸೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ನನ್ನ ತಿಳಿನೀಲಿ ವಾಯಿಲ್ ಸೀರೆಯ ಮೇಲೆ ಅಂಗೈಯಗಲದ ಕಲೆ ಹರಡುತ್ತಿತ್ತು.

ಕಲ್ಲಿಗೆ ಹಳೆಯ ಮಗ್ಗದ ಬಟ್ಟೆ ಸುತ್ತುವುದು, ಅದರ ಮೇಲೆ ಮಜ್ಜಿಗೆ ಹೊಯ್ಯುವುದು, ಸಂಜೆಯವರೆಗೆ ಒಣಗಲು ಬಿಡದೆ ಕಾಯುವುದು. ನೊಣಗಳು, ಇರುವೆಗಳು, ಒಂದು ಮೇಕೆ. ಮೂರನೆಯ ಶುಕ್ರವಾರ ಬಟ್ಟೆ ಬಿಚ್ಚಿದಾಗ ಸುಣ್ಣ ಮೊಸರಿನ ಕೆನೆಯ ಹಾಗೆ ಮಡಿಕೆ ಮಡಿಕೆಯಾಗಿ ಜೊತೆಗೇ ಬಂತು. ಒಳಗೆ ಕಪ್ಪು ಕಲ್ಲು, ಅದರಲ್ಲಿ ಸಾಲು ಸಾಲು ಅಕ್ಷರ.

"ಓದು," ಎಂದರು ಅತ್ತೆ.

ನಾನು ಬೆರಳಿಟ್ಟು ನೋಡಿದೆ, ಬಗ್ಗಿ ನೋಡಿದೆ. ಅದು ಅಪ್ಪ ತಿದ್ದಿಸಿದ ಅಕ್ಷರವಾಗಿರಲಿಲ್ಲ, ಸಿಸ್ಟರುಗಳು ಕಲಿಸಿದ್ದೂ ಅಲ್ಲ.

ಅಧಿಕಾರಿ ಬಂದವರು ಕಲ್ಲಿನ ಮುಂದೆ ಮಂಡಿಯೂರಿ ಕೂತು, ಹಿಟ್ಟು ಸವರಿ, ತಮಿಳಿನಲ್ಲಿ ಹೇಳಿದರು: ಹಳೆಯ ತಮಿಳು ಶಾಸನ. ಅಮ್ಮನಿಗೆ ಆರದ ದೀಪ ಉರಿಸಲು ಯಾರೋ ದಾನ ಕೊಟ್ಟದ್ದು. ಕೊಟ್ಟವರ ಹೆಸರಿದ್ದ ಮೂಲೆ ಒಡೆದು ಹೋಗಿದೆ.

ನನಗೆ ಅತ್ತೆಯ ಮುಖ ನೋಡಲು ಧೈರ್ಯವಿರಲಿಲ್ಲ. ಅವರು ಮಾತ್ರ ಆ ಮೂಲೆಯ ಮೇಲೆ ಕೈಯಿಟ್ಟು, "ಹೆಸರಿದ್ದ ಜಾಗ ತಾನೆ ಹೋಗಿರೋದು? ಅದೇ ನಮ್ಮದು" ಎಂದರು. ಅಲ್ಲೇ ನಿಂತಿದ್ದ ಅಧ್ಯಕ್ಷರು, ದೀಪದ ದಾನವೆಂದರೆ ತಮ್ಮ ಮನೆತನದವರೇ ಮಾಡಿರಬೇಕು, ಇನ್ನು ಕಲ್ಲನ್ನು ಕದಲಿಸುವ ಮಾತೇ ಇಲ್ಲ ಎಂದರು. ಇಬ್ಬರಿಗೂ ಒಡೆದ ಮೂಲೆ ಸಾಕಾಗಿತ್ತು. ನಾನು ಖಾಲಿ ತೂಕುಗಳನ್ನು ತೊಳೆಯಲು ಬಾವಿಯ ಕಡೆ ಹೋದೆ.

ಹೊರಡುವಾಗ ಅಧಿಕಾರಿ ಒಂದು ಮಾತು ಸೇರಿಸಿದರು. ಇನ್ನು ಮೇಲೆ ಯಾರೂ ಸುಣ್ಣ ಹಚ್ಚಕೂಡದು.

ಮುಂದಿನ ಆಡಿಗೆ ಹೋದಾಗ ಮೊಸಾಯಿಕ್ ನೆಲ ಆ ಕಲ್ಲನ್ನು ಬಳಸಿಕೊಂಡು ಹೋಗಿತ್ತು. ಸುತ್ತ ಕಬ್ಬಿಣದ ಬೇಲಿ, ಪಕ್ಕದಲ್ಲಿ ಸಿಮೆಂಟಿನ ಕಂಬಕ್ಕೆ ಹೊಡೆದ ಪುರಾತತ್ವದವರ ನೀಲಿ ಬೋರ್ಡು. ನಾನು ಬೇಡವೆಂದರೂ ಕೇಳದೆ ಅತ್ತೆ ಕಂಜಿಸುಣ್ಣದ ಬಕೆಟ್ಟು ತಂದಿದ್ದರು. ಬೇಲಿಯ ಸಂದಿನಲ್ಲಿ ಕೈ ತೂರಿಸಿದರು, ಕಲ್ಲಿಗೆ ಒಂದು ಗೇಣು ಎಟುಕಲಿಲ್ಲ.

"ಅತ್ತೆ, ಬನ್ನಿ, ನೋಡ್ತಾರೆ."

"ನೋಡ್ಲಿ. ಕಲ್ಲಿಗೆ ತಾನೆ ಬೇಡ ಅಂದದ್ದು?"

ಎಂದವರೇ ಕೂತು ಆ ಬೋರ್ಡಿನ ಕಂಬಕ್ಕೆ ಬುಡದಿಂದ ಸುಣ್ಣ ಹಚ್ಚತೊಡಗಿದರು. ಅರ್ಧ ಮುಗಿಸಿ, ಸೊಂಟ ಹಿಡಿದುಕೊಂಡು ಎದ್ದು, ಕುಂಚವನ್ನು ನನ್ನ ಕಡೆ ಚಾಚಿದರು. ನಾನು ಸೆರಗು ಸಿಕ್ಕಿಸಿದೆ.