ಮೂರು ಪರದೆಗಳ ಟೈಪಿಂಗ್ ಮೇಡಂ

ಅವರ ಎರಡೂ ಕಿರುಬೆರಳುಗಳು ಹೊರಕ್ಕೆ ಬಾಗಿದ್ದವು. ಮೂವತ್ತು ವರ್ಷ ಗಟ್ಟಿ ಕೀಲಿಗಳ ಟೈಪ್‌ರೈಟರ್ ಒತ್ತಿದ ಬೆರಳುಗಳವು. ಎದುರಿಗೆ ಕೂತವರು ಮಾತಾಡುತ್ತಿದ್ದರೆ ಆ ಹತ್ತು ಬೆರಳುಗಳೂ ಮೇಜಿನ ಅಂಚಿನಲ್ಲಿ ಸದ್ದಿಲ್ಲದೆ ಕುಣಿಯುತ್ತಿದ್ದವು. ನಾವು ಹೇಳಿದ್ದನ್ನೆಲ್ಲ ಅಲ್ಲೇ ಟೈಪ್ ಮಾಡಿಕೊಳ್ಳುತ್ತಿದ್ದಾರೆ ಎಂದು ನನಗೆ ಅನುಮಾನ. ಅವರೆದುರು ಸುಳ್ಳು ಹೇಳಲು ನನಗೆ ಯಾವತ್ತೂ ಧೈರ್ಯ ಬರಲಿಲ್ಲ.

ಚಿಂತಾಮಣಿಯಲ್ಲಿ ಅವರು ನಮಗೆಲ್ಲ ಟೈಪಿಂಗ್ ಮೇಡಂ. ಪಿಯುಸಿ ಮುಗಿಸಿ ನಾನು ಅವರ ಇನ್‌ಸ್ಟಿಟ್ಯೂಟಿಗೆ ಸೇರಿದಾಗ ಮೊದಲ ತಿಂಗಳು ಪೂರ್ತಿ ಒಂದೇ ಪಾಠ: ಕಣ್ಣು ಪಕ್ಕದಲ್ಲಿಟ್ಟ ಮೂಲಪ್ರತಿಯ ಮೇಲಿರಬೇಕು, ಬೆರಳಿನ ಮೇಲೂ ಅಲ್ಲ, ಏರಿಸಿದ ಹಾಳೆಯ ಮೇಲೂ ಅಲ್ಲ. ಕದ್ದು ನೋಡಿದರೆ ಕೈಗಳ ಮೇಲೆ ಟವೆಲ್ ಹೊದಿಸಿಬಿಡುತ್ತಿದ್ದರು. "ಬೆರಳು ಎಲ್ಲಿಗೂ ಓಡೋಗಲ್ಲಮ್ಮಾ, ಅದನ್ನ ಯಾಕೆ ಕಾವಲು ಕಾಯ್ತೀಯ?" ಎನ್ನುತ್ತಿದ್ದರು. ನಗು ಮಾತ್ರ ಇಲ್ಲ.

ಮುಂದೆ ನಾನು ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಮೇಡಂ ಆದೆ. ಅಲ್ಲಿ ಮಕ್ಕಳ ಮನೆಮಾತು ತೆಲುಗು. ಸರ್ಕಾರ ಕೊಟ್ಟ ಕನ್ನಡ ಪುಸ್ತಕ ಹಿಡಿದು ಅವು ಮಿಕಮಿಕ ನೋಡುತ್ತಿದ್ದವು. ಹಾಗಾಗಿ ನಾನೇ ಪಾಠದ ಹಾಳೆಗಳನ್ನು ಮಾಡತೊಡಗಿದೆ. ಒಂದು ಸಾಲಿನಲ್ಲಿ ಕನ್ನಡ ಅಕ್ಷರದಲ್ಲೇ ಅವರ ತೆಲುಗು ಮಾತು, ಪಕ್ಕದಲ್ಲಿ ಕನ್ನಡದ್ದು, ಕೆಳಗೆ ಪುಟ್ಟ ಕತೆ. ಹನ್ನೆರಡು ವರ್ಷದ ಹಾಳೆಗಳೆಲ್ಲ ಶಾಲೆಯ ಕಂಪ್ಯೂಟರಿನಲ್ಲಿ, ಆ ಕಾಲದ ಕನ್ನಡ ಸಾಫ್ಟ್‌ವೇರಿನಲ್ಲಿ, ಒಂದೇ ಫೈಲಿನಲ್ಲಿ ತುಂಬಿದ್ದವು. ಕಂಪ್ಯೂಟರ್ ಕೆಟ್ಟಾಗ ಉಳಿದದ್ದು ಒಂದು ಸಿ.ಡಿ. ಅಚ್ಚು ಹಾಕಿದ ಹಾಳೆಗಳನ್ನು ಮಕ್ಕಳ ಕೈ ಎಂದೋ ಸವೆಸಿ ಹರಿದು ಮುಗಿಸಿತ್ತು.

ಸುತ್ತಲಿನ ಶಾಲೆಯವರು ಆ ಪಾಠಗಳನ್ನು ಕೇಳಿದಾಗಲೇ ನನಗೆ ಬಿಸಿ ಮುಟ್ಟಿದ್ದು. ಹೊಸ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಬರೀ ಚೌಕ, ಪ್ರಶ್ನೆಚಿಹ್ನೆ. ಹಳೆಯ ಸಾಫ್ಟ್‌ವೇರ್ ಹೊಸ ಯಂತ್ರದಲ್ಲಿ ಕೂರಲು ಸುತರಾಂ ಒಪ್ಪದು. ಚಿಕ್ಕಬಳ್ಳಾಪುರದ ಅಂಗಡಿಯವನಂತೂ, "ಬಿಟ್ಟಾಕಿ ಮೇಡಂ, ಹೊಸದಾಗಿ ಬರ್ಕೊಳಿ" ಎಂದ. ಹನ್ನೆರಡು ವರ್ಷದ ಕೆಲಸವನ್ನು ಸಾಮಾನಿನ ಚೀಟಿ ಎಂದುಕೊಂಡಿದ್ದನೋ ಏನೋ! ಚಿಂತಾಮಣಿಗೆ ಬಂದು, ನಮ್ಮ ಹಳ್ಳಿಯ ಕಡೆಗೆ ಹೋಗುವ ಮುರುಗಮಲ್ಲದ ಬಸ್ಸು ಹತ್ತಿ ಅಳುತ್ತಾ ಕೂತೆ. ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತವಳೆಂದುಕೊಂಡು ಪಕ್ಕದ ಹೆಂಗಸು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಕೊನೆಗೆ ನೆನಪಾದವರು ಮೇಡಂ. ಇನ್‌ಸ್ಟಿಟ್ಯೂಟ್ ಮುಚ್ಚಿ ವರ್ಷಗಳಾಗಿದ್ದವು. ಅವರ ಮನೆಯ ನಡುಕೋಣೆಗೆ ಕಾಲಿಟ್ಟರೆ ಮೇಜಿನ ಮೇಲೆ ಮೂರು ಪರದೆ! ಒಂದೊಂದೂ ಒಂದೊಂದು ಎತ್ತರ. ಪೇಪರ್ ಸುತ್ತಿದ ಇಟ್ಟಿಗೆ ಕೊಟ್ಟು ಸಮ ಮಾಡಿದ್ದರು. ವಕೀಲರ, ಸಂಘದವರ ಹಳೆಯ ಕಂಪ್ಯೂಟರ್ ಕಡತಗಳನ್ನು ಈಗಿನ ಕಂಪ್ಯೂಟರ್ ಓದಬಲ್ಲ ಹೊಸ ಅಕ್ಷರಕ್ಕೆ ತಂದುಕೊಡುವ ಕೆಲಸ. ಅರವತ್ತು ದಾಟಿದ ಮೇಲೆ ವಿಡಿಯೊ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತಿದ್ದರು.

"ಇದು ಹೊಸ ಕಂಪ್ಯೂಟರ್. ಇದರ ಹೊಟ್ಟೆಯೊಳಗೆ ಇನ್ನೊಂದು ಹಳೇದು ಐತೆ. ವರ್ಚುವಲ್ ಮಷೀನ್ ಅಂತಾರೆ" ಎಂದು ತೋರಿಸಿದರು. "ಹಳೇ ಸಾಫ್ಟ್‌ವೇರಿಗೆ ಇನ್ನೂ ಹಳೇ ಕಾಲವೇ ನಡೀತಾ ಐತೆ ಅಂತ ನಂಬಿಸ್ಬೇಕು, ಅಷ್ಟೇ."

ಆ ಒಳಗಿನ ಕಂಪ್ಯೂಟರ್ ಒಂದೇ ಪರದೆಗೆ ಅಂಟಿಕೊಂಡಿತ್ತಂತೆ. ಎರಡಕ್ಕೆ ಹರಡಿಸಲು ಒಂದು ವಾರ ಹೆಣಗಿದ್ದರು. ಈಗ ಎಡಗಡೆ ಮತ್ತು ನಡುವಿನ ಪರದೆ ಅದರದು, ಬಲಗಡೆಯದು ಹೊಸದರದು. ನನ್ನ ಸಿ.ಡಿ. ಹಾಕಿದರು. ಅದು ಕೊರಕೊರ ಅಂದು, ಒಂದೇ ಒಂದು ಸಲ ಓದಿಸಿಕೊಂಡು ಫೈಲನ್ನು ಒಳಗಿನ ಕಂಪ್ಯೂಟರಿಗೆ ಇಳಿಸಿತು; ಆಮೇಲೆ ಎಷ್ಟು ಉಜ್ಜಿದರೂ ಓದಿಸಿಕೊಳ್ಳಲಿಲ್ಲ. ಆದರೆ ಎಡಗಡೆ ಪರದೆಯಲ್ಲಿ ಚೌಕಗಳಿಲ್ಲ, ಅಕ್ಷರಗಳಿದ್ದವು: ನೀಳ್ಳು – ನೀರು.

ಒಂದೊಂದೇ ಪಾಠವನ್ನು ಹೊಸ ಅಕ್ಷರಕ್ಕೆ ಬದಲಿಸಿದರೆ ಒತ್ತಕ್ಷರಗಳು ದಿಕ್ಕಾಪಾಲಾಗುತ್ತಿದ್ದವು. ಎಡಗಡೆ ಮೂಲ, ನಡುವೆ ಪದಗಳ ಪಟ್ಟಿ, ಬಲಗಡೆ ಹೊಸ ಪ್ರತಿ. ಸಾಲುಸಾಲಾಗಿ ನೋಡಿ ತಿದ್ದಬೇಕು. ಬೇಸಿಗೆ ರಜೆಯಲ್ಲಿ ದಿನಾ ಹೋಗಿ ಇಬ್ಬರೂ ಕೂರುತ್ತಿದ್ದೆವು.

ಒಂದು ಮಧ್ಯಾಹ್ನ ಮೇಡಂ ಕಾಫಿಗೆ ಒಳಗೆ ಹೋಗಿದ್ದರು. ಎಡಗಡೆ ಪರದೆಯ ಅಕ್ಷರ ದೊಡ್ಡದು ಮಾಡೋಣವೆಂದು ಇಡೀ ಫೈಲನ್ನು ಸೆಲೆಕ್ಟ್ ಮಾಡಿದೆ. ಅಷ್ಟರಲ್ಲಿ ಬಲಗಡೆಯ ಹೊಸ ಪ್ರತಿಗೆ ಒಂದು ಹೊಸ ಕತೆ ಸೇರಿಸುವುದು ನೆನಪಾಗಿ, ನೋಟ್‌ಬುಕ್ ತೆರೆದು, ಅದರ ಮೇಲೆ ಕಣ್ಣಿಟ್ಟು ಎರಡು ಪುಟ ಪಟಪಟನೆ ಟೈಪ್ ಮಾಡಿದೆ. ಬೆರಳುಗಳೇ ಸೇವ್ ಮಾಡಿದವು, ಫೈಲನ್ನೂ ಮುಚ್ಚಿದವು. ತಲೆ ಎತ್ತಿದರೆ ಬಲಗಡೆ ಪರದೆಯಲ್ಲಿ ಆ ಕತೆಯ ಒಂದಕ್ಷರವೂ ಇಲ್ಲ. ಅಷ್ಟೂ ಒಳಗಿನ ಕಂಪ್ಯೂಟರಿಗೆ, ಸೆಲೆಕ್ಟ್ ಆಗಿದ್ದ ಪಾಠಗಳ ಮೇಲೇ ಹೋಗಿ ಕೂತಿತ್ತು. ಮೂಲ ಫೈಲ್ ತೆರೆದರೆ ಹನ್ನೆರಡು ವರ್ಷದ ಪಾಠಗಳ ಜಾಗದಲ್ಲಿ ಎರಡು ಪುಟದ ಕತೆ.

ಲೋಟ ಹಿಡಿದು ಬಂದ ಮೇಡಂಗೆ, "ಎಲ್ಲಾ ಹೋಯ್ತು ಮೇಡಂ, ನಾನೇ ಅಳಿಸ್ಬಿಟ್ಟೆ" ಎಂದೆ.

ಅವರು ಪರದೆ ನೋಡಿದರು. "ಟೈಪ್ ಮಾಡ್ವಾಗ ಕಣ್ಣು ಎಲ್ಲಿತ್ತು?"

"ನೋಟ್‌ಬುಕ್ ಮೇಲೆ."

"ಎರಡು ಪುಟ ಆಗೋವರೆಗೂ ತಲೆ ಎತ್ತಲೇ ಇಲ್ವಾ?"

"ಇಲ್ಲ ಮೇಡಂ."

ಅವರು ನಕ್ಕರು. ಹಲ್ಲು ಕಾಣುವಂತೆ, ಕಾಫಿ ತುಳುಕುವಂತೆ ನಕ್ಕರು. "ಅಯ್ಯೋ, ನಾನೇ ಕಲಿಸಿದ್ದಲ್ವೇನೇ! ಬೇರೆ ಯಾರಾದ್ರೂ ಆಗಿದ್ರೆ ಮೊದಲನೇ ಸಾಲಿಗೇ ತಲೆ ಎತ್ತಿ ನೋಡಿರೋರು. ಕೂತ್ಕೋ, ಅಳಬೇಡ. ದಿನಾ ಬೆಳಿಗ್ಗೆ ಅದರ ಸ್ನ್ಯಾಪ್‌ಶಾಟ್ ತಗೊಂಡೇ ನಾನು ಕೆಲಸ ಶುರು ಮಾಡೋದು. ಆ ಹೊತ್ತಲ್ಲಿ ಒಳಗೆ ಏನೇನಿತ್ತೋ ಅಷ್ಟೂ ಹಾಗೇ ಇರುತ್ತೆ. ಕಾರ್ಬನ್ ಇಡದೆ ನಾನು ಯಾವತ್ತಾದ್ರೂ ಹಾಳೆ ಏರಿಸಿದ್ದು ನೋಡಿದ್ದೀಯಾ?"

ಎರಡು ಕ್ಲಿಕ್. ಒಳಗಿನ ಕಂಪ್ಯೂಟರ್ ಬೆಳಗಿನ ಹೊತ್ತಿಗೆ ಹಿಂದಿರುಗಿತು. ನನ್ನ ಪಾಠಗಳು ಏನೂ ಆಗಿಲ್ಲವೆಂಬಂತೆ ಬಂದು ಕೂತವು. ಆ ದಿನದ ಕಾಫಿಯಷ್ಟು ರುಚಿಯಾದ ಕಾಫಿಯನ್ನು ನಾನು ಮತ್ತೆ ಕುಡಿದಿಲ್ಲ.

ಕೊನೆಯ ಪಾಠ ಮುಗಿದ ದಿನ ಅವರು ಒಂದು ಪ್ರತಿ ಅಚ್ಚು ಹಾಕಿಕೊಡು ಎಂದರು. ಯಾವ ಮಗುವಿಗೆ ಮೇಡಂ ಎಂದು ಕೇಳಿದೆ.

"ನಂಗೇ. ನಮ್ಮನೇಲೂ ತೆಲುಗೇ ತಾನೇ? ಮೂರನೇ ಕ್ಲಾಸಲ್ಲಿ ಮೇಷ್ಟ್ರು ಮೊಲದ ಚಿತ್ರ ತೋರಿಸಿ ಇದೇನು ಅಂದ್ರು. ಮನೇಲಿ ಅನ್ನೋ ಹಾಗೆ ಕುಂದೇಲು ಅಂದೆ. ತಲೆ ಮೇಲೆ ಕುಟ್ಟಿದ್ರು, ಎಲ್ಲಾರೂ ನಕ್ಕರು. ಆ ವರ್ಷ ಫೇಲು. ಅವತ್ತಿಂದ ನಾನು ದಡ್ಡಿ ಅಂತಲೇ ನಂಬ್ಕೊಂಡಿದ್ದೆ ಕಣಮ್ಮಾ. ನಿನ್ನ ಪಾಠ ಒಂದೊಂದೇ ತಿದ್ತಾ ತಿದ್ತಾ ಗೊತ್ತಾಯ್ತು. ನನ್ನ ಉತ್ತರ ಸರಿಯಾಗೇ ಇತ್ತು."

ಬೆರಳುಗಳು ಮೇಜಿನ ಮೇಲೆ ಸುಮ್ಮನಿದ್ದವು. ಹೆಗಲ ಮೇಲಿನ ಮೂಟೆ ಇಳಿಸಿದವರಂತೆ ಅವರು ಉಸಿರು ಬಿಟ್ಟರು.

ಹೋದ ವರ್ಷ ಮೇಡಂ ತೀರಿಕೊಂಡರು. ಆ ಪಾಠಗಳು ಈಗ ನಮ್ಮ ಸುತ್ತಲಿನ ಶಾಲೆಗಳಲ್ಲೆಲ್ಲ ಇವೆ. ನಾನು ಮೊದಲೆಲ್ಲ ಮಗು ತೆಲುಗಿನಲ್ಲಿ ಉತ್ತರ ಹೇಳಿದರೆ, "ಅಲ್ಲಪ್ಪ, ಕನ್ನಡದಲ್ಲಿ ಹೇಳು" ಎನ್ನುತ್ತಿದ್ದೆ. ಈಗ ಮೊದಲು "ಸರಿ" ಎನ್ನುತ್ತೇನೆ. ಕನ್ನಡದ ಮಾತನ್ನು ಆಮೇಲೆ ಕೊಡುತ್ತೇನೆ.