ಆಯ್ತಣ್ಣ ಹೇಳಿದ ಒಂದು ಆಯ್ತು

ನಮ್ಮ ಗೋದಾಮಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ನಾವಿಟ್ಟ ಹೆಸರು ಆಯ್ತಣ್ಣ. ಯಾರು ಏನು ಕೇಳಿದರೂ ‘ಆಯ್ತು’ ಎನ್ನುವುದು ಅವನ ಚಾಳಿ. ಮಾಡುತ್ತೇನೆ ಎನ್ನುವುದಕ್ಕೂ ಆಯ್ತು, ಮುಗಿಯಿತು ಎನ್ನುವುದಕ್ಕೂ ಆಯ್ತು. ಯಾವ ಆಯ್ತು ಎಂದು ಕೇಳುವ ವ್ಯವಧಾನ ನಮಗ್ಯಾರಿಗೂ ಇರಲಿಲ್ಲ. ನಮ್ಮ ಕೆಲಸವಾದರೆ ಸಾಕಿತ್ತು.

ನಾನು ಹಾಜರಿ ನೋಡಿಕೊಳ್ಳುವವಳು. ನನ್ನ ಹಾಜರಿ ಪ್ರೋಗ್ರಾಂ ವಾರಕ್ಕೆರಡು ಸಲ ನಡುವಿನಲ್ಲೇ ಸತ್ತುಬೀಳುತ್ತಿತ್ತು. ಒಂದು ದಿನ ಅವನ ಮೇಲೆ ಹರಿಹಾಯ್ದೆ.

“ಮೇಡಂ, ಒಳಗೆ ಕರ್ನಲ್ ಅಂತ ಒಂದಿರುತ್ತೆ, ಮಷೀನಿಗೆಲ್ಲ ಅದೇ ಯಜಮಾನ,” ಎಂದ. “ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಕೇಳಿದ್ರೂ ಆಯ್ತು ಅನ್ನುತ್ತೆ. ಇರೋದಕ್ಕಿಂತ ಜಾಸ್ತಿ ಮಾತು ಕೊಟ್ಬಿಡುತ್ತೆ. ಎಲ್ರೂ ಒಟ್ಟಿಗೆ ಬಂದು ಕೂತ್ರೆ ಜಾಗ ಸಾಲಲ್ಲ. ಆಗ ಯಾರು ಜಾಸ್ತಿ ತಿಂದಿದಾರೆ ಅಂತ ನೋಡಿ ಅವರನ್ನ ಕೊಲ್ಲುತ್ತೆ. ಉಳಿದವರಾದ್ರೂ ಬದುಕ್ಲಿ ಅಂತ.”

“ನಿನ್ನ ಒಡಹುಟ್ಟಿದ್ದೇ ಇರಬೇಕು ಅದು. ನನ್ನದನ್ನ ಮುಟ್ಟಬೇಡ ಅಂತ ಹೇಳು ಅದಕ್ಕೆ.”

“ಆಯ್ತು,” ಎಂದ. ನನ್ನ ಪ್ರೋಗ್ರಾಂಗೆ ‘ಕೊಲ್ಲಬೇಡ’ ಎಂಬ ಗುರುತು ಹಾಕಿಕೊಟ್ಟ.

ಅವನಿಗೊಬ್ಬಳೇ ಅಕ್ಕ. ಆಕೆಯ ಗಂಟಲಲ್ಲಿ ಗಡ್ಡೆಯಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಆಕೆಯ ನಾಲ್ಕು ವರ್ಷದ ಮಗಳೋ, ಅಮ್ಮ ಕಟ್ಟಿದ ಕಪ್ಪೆಯ ಕಥೆ ಕೇಳದೆ ಊಟಕ್ಕೆ ಬಾಯಿ ತೆರೆಯುವವಳಲ್ಲ. ಕಥೆಯನ್ನು ನಿನ್ನ ದನಿಯಲ್ಲೇ ಉಳಿಸಿಕೊಡುತ್ತೇನೆಂದು ತಮ್ಮ ಮಾತು ಕೊಟ್ಟ. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಆಫೀಸಿನ ತನ್ನ ಕೋಣೆಯ ಬಾಗಿಲ ಸಂದಿಗೆ ಬಟ್ಟೆ ತುರುಕಿ, ಫ್ಯಾನು ಆರಿಸಿ, ಅಕ್ಕನನ್ನು ಮೈಕಿನ ಮುಂದೆ ಕೂರಿಸಿದ. ಆಕೆ ಮೂರು ಗಂಟೆ ಮಾತಾಡಿದಳು. ದನಿ ಹಿಡಿಯುತ್ತಿದ್ದದ್ದು ಗದ್ದಲವನ್ನೆಲ್ಲ ಸೋಸಿ ಕೊನೆಗೆ ಒಟ್ಟಿಗೆ ಡಿಸ್ಕಿಗೆ ಬರೆಯುವ ಪ್ರೋಗ್ರಾಂ. ಅಲ್ಲಿಯವರೆಗೂ ದನಿಯೆಲ್ಲ ಮೆಮೊರಿಯಲ್ಲೇ ಇರುತ್ತಿತ್ತು.

“ಆಯ್ತೇನೋ?” ಎಂದು ಅಕ್ಕ ಎದ್ದಳು.

“ಆಯ್ತಕ್ಕ.”

ಆಗಿರಲಿಲ್ಲ. ಸೋಸುವುದು ಇನ್ನೂ ಅರ್ಧ ಗಂಟೆಯಷ್ಟಿತ್ತು. ಆಸ್ಪತ್ರೆಗೆ ಸೇರಿಸುವ ಹೊತ್ತಾಯಿತೆಂದು ಅದನ್ನು ಅದರ ಪಾಡಿಗೆ ಬಿಟ್ಟು ಹೊರಟ.

ಅದೇ ಹೊತ್ತಿಗೆ ನಾನು ನನ್ನ ಮೇಜಿನಿಂದ ಅದೇ ಮಷೀನಿನಲ್ಲಿ ಇಡೀ ವರ್ಷದ ಹಾಜರಿ ತೆಗೆಯಲು ಗುಂಡಿ ಒತ್ತಿದೆ. ನನ್ನ ಪ್ರೋಗ್ರಾಂ ಉಬ್ಬತೊಡಗಿತು. ಅದನ್ನು ಮುಟ್ಟುವಂತಿರಲಿಲ್ಲವಾದ್ದರಿಂದ ಕರ್ನಲ್ ಅದರ ನಂತರದ ದೊಡ್ಡದನ್ನು ಹಿಡಿಯಿತು. ನನ್ನ ಪಟ್ಟಿ ಅಚ್ಚುಕಟ್ಟಾಗಿ ಬಂತು. ನಾನು ಖುಷಿಯಿಂದ ಚಹಾ ಕುಡಿದೆ.

ಅಕ್ಕನ ಆಪರೇಷನ್ ಮುಗಿದು, ಮೂರನೇ ದಿನ ಅವನು ಪರದೆಯ ಮುಂದೆ ಕೂತಿದ್ದ. ಮೆಮೊರಿ ಸಾಲದೆ ದನಿ ಸೋಸುವ ಪ್ರೋಗ್ರಾಂ ಅನ್ನು ಕೊಂದೆ ಎಂದು ಯಂತ್ರ ಒಂದು ಸಾಲು ಬರೆದಿತ್ತು. ಅವನ ಹಿಂದೆ ನಿಂತು ನಾನೂ ಓದಿದೆ. ಅಕ್ಕನ ಮೂರು ಗಂಟೆಯ ದನಿ ಉಳಿದಿರಲಿಲ್ಲ.

“ನನ್ನಿಂದಲೇ ಅಲ್ವೇನೋ?”

“ಗುರುತು ಹಾಕಿದ್ದು ನಾನು ಮೇಡಂ. ಅಕ್ಕಂದಕ್ಕೂ ಒಂದು ಹಾಕಬಹುದಿತ್ತು. ನೆನಪೇ ಆಗ್ಲಿಲ್ಲ.”

ಅಕ್ಕನ ದನಿಗಾಗಿ ಫೋನಿನಲ್ಲೆಲ್ಲ ತಡಕಾಡಿದ. ಸಿಕ್ಕಿದ್ದು ‘ಬರುವಾಗ ಸೋಪು ತಗೊಂಡು ಬಾ’ ಎಂಬ ಒಂದು ತುಣುಕು.

ತಿಂಗಳ ಮೇಲೆ ಕ್ಷಮೆ ಕೇಳಲು ಅವರ ಮನೆಗೆ ಹೋದೆ. ವಿಷಯ ತಿಳಿದ ದಿನ ಅಕ್ಕ ಸ್ಲೇಟಿನಲ್ಲಿ ‘ಆಯ್ತು ಬಿಡು’ ಎಂದಷ್ಟೇ ಬರೆದಿದ್ದಳಂತೆ. ಆಮೇಲೆ ಕಥೆಯನ್ನು ಕಾಗದದಲ್ಲಿ ಬರೆದುಕೊಟ್ಟಿದ್ದಳು. ನಾನು ಹೋದಾಗ ಅವನು ಮಗುವಿನ ತಟ್ಟೆ ಹಿಡಿದು ಅದನ್ನೇ ಓದುತ್ತಿದ್ದ. ‘ಆಗ ಕಪ್ಪೆ ನಕ್ಕಿತು’ ಎಂಬಲ್ಲಿಗೆ ಮಗು ತುತ್ತಿಗೆ ಕೈ ಅಡ್ಡ ಹಿಡಿಯಿತು.

“ಹೆಂಗೆ ನಕ್ತು?”

“ಹ್ಹಹ್ಹಹ್ಹ ಅಂತ.”

“ಅಲ್ಲ. ಅಮ್ಮನ ಕಪ್ಪೆ ಹಂಗೆ ನಗಲ್ಲ.”

ಮಗು ಅಮ್ಮನ ಕಡೆ ತಿರುಗಿತು. ಆಕೆ ಕೆನ್ನೆ ಉಬ್ಬಿಸಿ, ಕಣ್ಣರಳಿಸಿ, ಬಾಯಿ ತೆರೆದಳು. ಆಪರೇಷನ್ನಿನಲ್ಲಿ ಉಸಿರಿಗೆಂದು ಮಾಡಿದ್ದ ಕತ್ತಿನ ತೂತಿನಿಂದ ಗಾಳಿ ಬಂತು, ಅಷ್ಟೇ.

“ಮಾಮಾ, ಅವತ್ತು ಅಮ್ಮ ಮೈಕಲ್ಲಿ ಹೇಳಿದಾಗ ನೀನು ಕೇಳಿದ್ಯಲ್ಲ? ನೀನು ಹೇಳು.”

“ಅವತ್ತು ನಾನು ಕಂಪ್ಯೂಟರ್ ನೋಡ್ತಾ ಇದ್ದೆ ಪುಟ್ಟಿ,” ಎಂದ.

ಮಗು ಆಮೇಲೆ ಬಾಯಿ ತೆರೆಯಲಿಲ್ಲ. ತಟ್ಟೆಯಲ್ಲಿನ ಊಟ ಹಾಗೇ ಉಳಿಯಿತು.